ಬೆಂಗಳೂರಿಗೂ ಸ್ಯಾನ್ ಫ್ರಾನ್ಸಿಸ್ಕೊಗೂ ಎಷ್ಟು ದೂರ?

ಬೆಂಗಳೂರಿನಿಂದ ಸೋಮವಾರ ಮಧ್ಯಾಹ್ನ ಎರಡೂವರೆಗೆ ಹೊರಟ ವಿಮಾನ ಎಲ್ಲೂ ಇಳಿಯದೆ 16 ಗಂಟೆ ಹಾರಿ ಸ್ಯಾನ್ ಫ್ರಾನ್ಸಿಸ್ಕೊ ಮುಟ್ಟಿತು ಅಂದುಕೊಳ್ಳಿ. ಚಳಿಗಾಲವಾದರೆ ಅಲ್ಲಿನ ಗಡಿಯಾರದಲ್ಲಿ ಆಗ ಅದೇ ಸೋಮವಾರ ಸಂಜೆ ಐದು ಗಂಟೆ. ಗಡಿಯಾರವನ್ನೇ ನಂಬುವುದಾದರೆ ಪಯಣ ಮುಗಿದದ್ದು ಎರಡೂವರೆ ಗಂಟೆಯಲ್ಲಿ. ಕೆಂಗೇರಿಯಲ್ಲಿ ಟ್ರಾಫಿಕ್ ಸಿಕ್ಕಿದರೆ ಅಷ್ಟು ಹೊತ್ತಿನಲ್ಲಿ ಮೈಸೂರಿಗೂ ಹೋಗಲಾಗದು.

ಹೀಗೆ ಉಳಿಸಿದ್ದನ್ನೆಲ್ಲ ವಾಪಸಾಗುವಾಗ ಬಡ್ಡಿ ಸಮೇತ ಕಕ್ಕಬೇಕು. ಶನಿವಾರ ರಾತ್ರಿ ಎಂಟೂವರೆಗೆ ಅಲ್ಲಿಂದ ಹೊರಟವರು ಇಲ್ಲಿ ಇಳಿಯುವುದು ಸೋಮವಾರ ನಸುಕಿನ ಮೂರೂಮುಕ್ಕಾಲಿಗೆ. ಹಾರಿದ್ದು ಹದಿನೇಳೂಮುಕ್ಕಾಲು ಗಂಟೆಯೇ ಆದರೂ ಕ್ಯಾಲೆಂಡರಿನಿಂದ ಒಂದು ಇಡೀ ಭಾನುವಾರ ಕಾಣೆ.

ಕಾರಣ ಎಲ್ಲರಿಗೂ ಗೊತ್ತಿರುವುದೇ. ಭಾರತದ ಗಡಿಯಾರ ಗ್ರೀನಿಚ್‌ಗಿಂತ ಐದೂವರೆ ಗಂಟೆ ಮುಂದೆ, ಕ್ಯಾಲಿಫೋರ್ನಿಯದ್ದು ಎಂಟು ಗಂಟೆ ಹಿಂದೆ. ನಡುವಿನ ಅಂತರ ಹದಿಮೂರೂವರೆ ಗಂಟೆ. ಮಾರ್ಚ್ ತಿಂಗಳ ಎರಡನೇ ಭಾನುವಾರ ಅಮೆರಿಕದವರು ತಮ್ಮ ಗಡಿಯಾರವನ್ನು ಒಂದು ಗಂಟೆ ಮುಂದೆ ತಿರುಗಿಸುತ್ತಾರೆ. ನವೆಂಬರಿನ ಮೊದಲ ಭಾನುವಾರ ಮತ್ತೆ ಹಿಂದಕ್ಕೆ. ಆ ಎಂಟು ತಿಂಗಳು ಅಂತರ ಹನ್ನೆರಡೂವರೆ. ಮಗ ದಿನಾ ಫೋನ್ ಮಾಡುವ ಹೊತ್ತು ವರ್ಷಕ್ಕೆರಡು ಸಲ ಏಕೆ ಆಚೀಚೆ ಆಗುತ್ತದೆ ಎಂದು ಕೇಳುವ ತಾಯಂದಿರಿಗೆ ಇದೇ ಉತ್ತರ.

ಸಮಯದ ಲೆಕ್ಕ ಹೀಗೆ ಗೋಜಲು, ದೂರದ್ದಾದರೂ ಗಟ್ಟಿಯಾಗಿರಬೇಕಲ್ಲವೆ? ಎರಡು ವಿಮಾನ ನಿಲ್ದಾಣಗಳ ನಡುವಿನ ಅತಿ ಹತ್ತಿರದ ದಾರಿ ಸುಮಾರು 13,990 ಕಿಲೋಮೀಟರ್. ಭೂಮಿಯ ಮೇಲಿನ ಯಾವುದೇ ಎರಡು ಜಾಗಗಳು ಇಪ್ಪತ್ತು ಸಾವಿರ ಕಿಲೋಮೀಟರಿಗಿಂತ ಹೆಚ್ಚು ದೂರ ಇರುವುದು ಸಾಧ್ಯವೇ ಇಲ್ಲ. ಅದು ಭೂಮಿಯ ಸುತ್ತಳತೆಯ ಅರ್ಧ. ಅಂದರೆ ನಮ್ಮ ಊರಿಗೂ ಆ ಊರಿಗೂ ನಡುವೆ ಗೋಳದ ಮೇಲೆ ಸಾಧ್ಯವಿರುವ ದೂರದ ಮುಕ್ಕಾಲು ಪಾಲಿಗೆ ಸ್ವಲ್ಪವೇ ಕಡಿಮೆ.

ಈ 13,990 ನಿಜವಾದ ಸಂಖ್ಯೆಯೇ. ಆದರೆ ಅದನ್ನು ಹಾರಿ ತೋರಿಸಿದವರು ಸಿಗುವುದು ಕಷ್ಟ.

ಮಕ್ಕಳ ಮೇಜಿನ ಮೇಲಿರುವ ಗ್ಲೋಬ್ ತೆಗೆದುಕೊಂಡು ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಒಂದು ದಾರ ಬಿಗಿಯಾಗಿ ಎಳೆದು ಹಿಡಿಯಿರಿ. ಗೋಡೆಯ ಮೇಲಿನ ನಕ್ಷೆ ಕಲಿಸಿದ್ದೆಲ್ಲ ಆಗ ಸುಳ್ಳಾಗುತ್ತದೆ. ಅಮೆರಿಕ ಎಂದರೆ ಪಶ್ಚಿಮ, ಅರಬ್ಬೀ ಸಮುದ್ರ ದಾಟಿ, ಯೂರೋಪ್ ದಾಟಿ, ಅಟ್ಲಾಂಟಿಕ್ ದಾಟಿ ಹೋಗುವ ಊರು ಎಂದು ನಾವು ಎಣಿಸಿರುತ್ತೇವೆ. ದಾರ ಮಾತ್ರ ವಿಮಾನ ನಿಲ್ದಾಣವಿರುವ ದೇವನಹಳ್ಳಿಯಿಂದ ಉತ್ತರಕ್ಕೆ ಮುಖ ಮಾಡುತ್ತದೆ, ಕೊಂಚ ಪೂರ್ವಕ್ಕೆ ವಾಲಿಕೊಂಡು. ಲೆಕ್ಕ ಹಾಕಿ ನೋಡಿದರೆ ಆ ಗೆರೆ ಆಂಧ್ರದ ಕದಿರಿಯ ಪಕ್ಕದಲ್ಲಿ ಸಾಗಿ, ಶ್ರೀಶೈಲದ ಆಸುಪಾಸಿನಲ್ಲಿ ಕೃಷ್ಣೆಯನ್ನು ದಾಟಿ, ಮಿರ್ಜಾಪುರದ ಹತ್ತಿರ ಗಂಗೆಯನ್ನು ಸೇರುತ್ತದೆ. ಭಾರತದ ಸಮಯ ನಿಗದಿಯಾಗಿರುವುದು ಇದೇ ಮಿರ್ಜಾಪುರದ ಬಳಿ ಹಾದುಹೋಗುವ ಎಂಬತ್ತೆರಡೂವರೆ ಡಿಗ್ರಿ ಪೂರ್ವ ರೇಖಾಂಶದಿಂದ. ಆಕಸ್ಮಿಕವೇ ಆದರೂ ಸೊಗಸಾದ ಆಕಸ್ಮಿಕ. ಅಲ್ಲಿಂದ ಮುಂದೆ ನೇಪಾಳ, ಅನ್ನಪೂರ್ಣ ಶಿಖರಗಳ ನೆರೆ, ಟಿಬೆಟ್, ಚೀನಾದ ಶಿಂಜಿಯಾಂಗ್, ಮಂಗೋಲಿಯ, ಸೈಬೀರಿಯದ ಯಾಕುತಿಯ. ಕೊಲಿಮಾ ನದಿ ಸಮುದ್ರ ಸೇರುವ ಕಡೆ, ಸುಮಾರು 71 ಡಿಗ್ರಿ ಉತ್ತರದಲ್ಲಿ ಗೆರೆ ತನ್ನ ತುತ್ತತುದಿ ಮುಟ್ಟುತ್ತದೆ. ಆಮೇಲೆ ಅಲಾಸ್ಕದ ನಡುವಿನಿಂದ ಇಳಿಜಾರು.

ಈ ದಾರಿಗೆ ಮೊದಲ ಅಡ್ಡಿ ಕಲ್ಲು. ವಿಮಾನ ಹನ್ನೊಂದು ಸಾವಿರ ಮೀಟರ್ ಎತ್ತರದಲ್ಲಿ ಹಾರುವಾಗ ಹಿಮಾಲಯ ಅದಕ್ಕೆ ತಾಗುವುದಿಲ್ಲ, ಸರಿ. ಆದರೆ ವಿಮಾನಯಾನದ ಯೋಜನೆಗಳೆಲ್ಲ ಕೆಟ್ಟ ಗಳಿಗೆಯನ್ನು ನೆನೆದೇ ಹುಟ್ಟುವಂಥವು. ಒಳಗಿನ ಗಾಳಿಯ ಒತ್ತಡ ತಟ್ಟನೆ ಕುಸಿದರೆ ತಲೆಯ ಮೇಲಿನಿಂದ ಮಾಸ್ಕುಗಳು ಜಾರಿಬೀಳುತ್ತವೆ. ಅವುಗಳಲ್ಲಿ ಸಾಮಾನ್ಯವಾಗಿ ಆಮ್ಲಜನಕ ಬರುವುದು ಹದಿನೈದೋ ಇಪ್ಪತ್ತೋ ನಿಮಿಷ. ಅಷ್ಟರೊಳಗೆ ಪೈಲಟ್ ವಿಮಾನವನ್ನು ಹತ್ತು ಸಾವಿರ ಅಡಿಗೆ, ಅಂದರೆ ಮೂರು ಸಾವಿರ ಮೀಟರಿಗೆ ಇಳಿಸಬೇಕು. ಅಲ್ಲಿ ಜನ ಮಾಸ್ಕ್ ಇಲ್ಲದೆ ಉಸಿರಾಡಬಹುದು. ಟಿಬೆಟ್ ಪ್ರಸ್ಥಭೂಮಿಯ ನೆಲವೇ ಸರಾಸರಿ ನಾಲ್ಕೂವರೆ ಸಾವಿರ ಮೀಟರಿಗಿಂತ ಮೇಲಿದೆ. ಇಳಿಯಬೇಕಾದ ಎತ್ತರ ನೆಲದೊಳಗಿದ್ದರೆ ಇಳಿಯುವುದೆಲ್ಲಿಗೆ? ವಿಶೇಷ ಆಮ್ಲಜನಕ ವ್ಯವಸ್ಥೆ, ಮೊದಲೇ ಗುರುತಿಸಿಟ್ಟ ತಪ್ಪಿಸಿಕೊಳ್ಳುವ ದಾರಿ ಇಲ್ಲದೆ ಆ ಕಡೆ ಯಾರೂ ವಿಮಾನ ತಿರುಗಿಸುವುದಿಲ್ಲ. ಹೆಚ್ಚಿನವು ಸುತ್ತು ಬಳಸಿಯೇ ಹೋಗುತ್ತವೆ.

ಎರಡನೆಯ ಅಡ್ಡಿ ಗಾಳಿ. ಅದನ್ನು ಅಡ್ಡಿ ಎನ್ನುವುದೂ ಅರ್ಧ ಸತ್ಯ ಮಾತ್ರ.

ಶಾಲೆಯಲ್ಲಿ ಯಾರಾದರೊಬ್ಬ ಹುಡುಗ ಕೇಳಿಯೇ ಕೇಳುತ್ತಾನೆ: ಭೂಮಿ ತಿರುಗುತ್ತದಲ್ಲ ಸಾರ್, ವಿಮಾನ ಮೇಲೆ ಹೋಗಿ ಸುಮ್ಮನೆ ನಿಂತರೆ ಅಮೆರಿಕ ತಾನಾಗಿಯೇ ಕೆಳಗೆ ಬರಬೇಕಲ್ಲ? ಗಾಳಿಯೂ ಭೂಮಿಯ ಜೊತೆಗೇ ತಿರುಗುತ್ತದೆ, ಆದ್ದರಿಂದ ಬರುವುದಿಲ್ಲ ಎಂದು ಮೇಷ್ಟರು ಕೂರಿಸುತ್ತಾರೆ. ಆದರೆ ಆ ಹುಡುಗನ ಪ್ರಶ್ನೆ ಪೂರ್ತಿ ದಡ್ಡತನದ್ದೇನಲ್ಲ. ಸಮಭಾಜಕದ ಬಿಸಿ ಗಾಳಿ ಧ್ರುವದ ಕಡೆ ಸರಿಯುವಾಗ ಭೂಮಿಯ ತಿರುಗುವಿಕೆ ಅದನ್ನು ಪೂರ್ವಕ್ಕೆ ಬಾಗಿಸುತ್ತದೆ. ಬಿಸಿ ಮತ್ತು ತಂಪು ಗಾಳಿಗಳು ಎದುರಾಗುವ ಅಂಚಿನಲ್ಲಿ, ವಿಮಾನಗಳು ಹಾರುವ ಎತ್ತರದಲ್ಲೇ, ಪಶ್ಚಿಮದಿಂದ ಪೂರ್ವಕ್ಕೆ ಹರಿಯುವ ಗಾಳಿಯ ಹೊಳೆಗಳು ಏರ್ಪಡುತ್ತವೆ. ಇವೇ ಜೆಟ್ ಸ್ಟ್ರೀಮ್‌ಗಳು. ಗಂಟೆಗೆ ನೂರೈವತ್ತು ಇನ್ನೂರು ಕಿಲೋಮೀಟರ್ ಸಾಮಾನ್ಯ, ಚಳಿಗಾಲದಲ್ಲಿ ಮುನ್ನೂರು ದಾಟುವುದೂ ಉಂಟು.

ಇವನ್ನು ಮೊದಲು ಕ್ರಮಬದ್ಧವಾಗಿ ಅಳೆದವರು ವಾಸಾಬುರೊ ಓಯಿಶಿ ಎಂಬ ಜಪಾನಿ ಹವಾಮಾನ ತಜ್ಞರು. ತಾತೆನೊ ವೀಕ್ಷಣಾಲಯದಿಂದ 1920ರ ದಶಕದಲ್ಲಿ ಬಲೂನುಗಳನ್ನು ಹಾರಿಬಿಟ್ಟು, ದುರ್ಬೀನಿನಲ್ಲಿ ಹಿಂಬಾಲಿಸಿ, ಚಳಿಗಾಲದಲ್ಲಿ ಜಪಾನಿನ ಮೇಲೆ ಅಬ್ಬರದ ಪಶ್ಚಿಮ ಗಾಳಿ ಬೀಸುತ್ತದೆಂದು ಕಂಡುಕೊಂಡರು. ಜಗತ್ತಿಗೆಲ್ಲ ತಿಳಿಯಲಿ ಎಂದು 1926ರಲ್ಲಿ ವರದಿಯನ್ನು ಎಸ್ಪೆರಾಂಟೊ ಭಾಷೆಯಲ್ಲಿ ಪ್ರಕಟಿಸಿದರು. ಜಗತ್ತಿನ ಭಾಷೆಯಾಗಲೆಂದು ಕಟ್ಟಿದ ಆ ಭಾಷೆಯನ್ನು ಜಗತ್ತು ಓದಲಿಲ್ಲ. 1944ರ ಕೊನೆಗೆ ಟೋಕಿಯೊ ಮೇಲೆ ಬಾಂಬ್ ಹಾಕಲು ಬಂದ ಅಮೆರಿಕದ ಬಿ-29 ವಿಮಾನಗಳು ಇದೇ ಗಾಳಿಗೆ ಸಿಕ್ಕಿ ಗುರಿ ತಪ್ಪಿದವು. ಅದೇ ಚಳಿಗಾಲದಲ್ಲಿ ಜಪಾನ್ ಅದೇ ಗಾಳಿಗೆ ಬಾಂಬ್ ಕಟ್ಟಿದ ಒಂಬತ್ತು ಸಾವಿರಕ್ಕೂ ಹೆಚ್ಚು ಬಲೂನುಗಳನ್ನು ಬಿಟ್ಟಿತು, ಪೆಸಿಫಿಕ್ ದಾಟಿ ಅಮೆರಿಕ ಸೇರಲೆಂದು. ಕೆಲವು ಸೇರಿದವು ಕೂಡ.

ಇಂದು ಆ ಹೊಳೆಯಲ್ಲಿ ತೇಲುವವರು ನಾವು. 2016ರ ಅಕ್ಟೋಬರಿನಲ್ಲಿ ಏರ್ ಇಂಡಿಯಾ ತನ್ನ ದೆಹಲಿ–ಸ್ಯಾನ್ ಫ್ರಾನ್ಸಿಸ್ಕೊ ವಿಮಾನವನ್ನು ಅಟ್ಲಾಂಟಿಕ್ ದಾರಿ ಬಿಡಿಸಿ ಪೆಸಿಫಿಕ್ ಮೇಲೆ ಕಳಿಸಿತು. ಅಟ್ಲಾಂಟಿಕ್ ದಾರಿ ಸುಮಾರು 13,900 ಕಿಲೋಮೀಟರ್, ಪೆಸಿಫಿಕ್ ದಾರಿ 15,300. ಸಾವಿರದ ನಾನೂರು ಕಿಲೋಮೀಟರ್ ಹೆಚ್ಚು ಸುತ್ತಿಕೊಂಡೂ ವಿಮಾನ ಹದಿನಾಲ್ಕೂವರೆ ಗಂಟೆಯಲ್ಲಿ ಇಳಿಯಿತು, ಹಳೆಯ ದಾರಿಗಿಂತ ಬೇಗ. ಗಂಟೆಗೆ ಸರಾಸರಿ ಸಾವಿರದ ಐವತ್ತು ಕಿಲೋಮೀಟರ್ ಆಯಿತು. ಆ ವಿಮಾನದ ಸ್ವಂತ ವೇಗ ಒಂಬೈನೂರರ ಆಸುಪಾಸು, ಉಳಿದದ್ದು ಬೆನ್ನಿಗೆ ಬಿದ್ದ ಗಾಳಿಯ ಕೊಡುಗೆ. 2005ರ ನವೆಂಬರಿನಲ್ಲಿ ಬೋಯಿಂಗ್ ಕಂಪನಿ ತನ್ನ ಹೊಸ 777-200ಎಲ್‌ಆರ್ ವಿಮಾನದ ತಾಕತ್ತು ತೋರಿಸಲು ಹಾಂಗ್‌ಕಾಂಗಿನಿಂದ ಲಂಡನ್ನಿಗೆ ಹಾರಿಸಿದಾಗಲೂ ಪೂರ್ವಕ್ಕೇ ತಿರುಗಿಸಿತು. ಹತ್ತು ಸಾವಿರ ಕಿಲೋಮೀಟರಿಗಿಂತ ಕಡಿಮೆಯಿರುವ ಪಶ್ಚಿಮದ ದಾರಿ ಬಿಟ್ಟು ಪೆಸಿಫಿಕ್, ಅಮೆರಿಕ, ಅಟ್ಲಾಂಟಿಕ್ ಎಲ್ಲವನ್ನೂ ದಾಟಿ 21,602 ಕಿಲೋಮೀಟರ್, 22 ಗಂಟೆ 42 ನಿಮಿಷ. ಈ ವಿಮಾನವನ್ನು ನೆನಪಿಡಿ, ಬೆಂಗಳೂರಿನ ಕಥೆಗೆ ಇದೇ ಬರುತ್ತದೆ.

ಹೋಗುವಾಗ ಗಾಳಿ ಸಹಾಯ ಮಾಡಿದರೆ ಬರುವಾಗ ತಡೆಯುತ್ತದೆ, ಒಟ್ಟಿನಲ್ಲಿ ಸರಿಹೋಯಿತು ಅನ್ನುವವರಿದ್ದಾರೆ. ಸರಿಹೋಗುವುದಿಲ್ಲ. ಗಂಟೆಗೆ 900 ಕಿಲೋಮೀಟರ್ ವೇಗದ ವಿಮಾನ 9,000 ಕಿಲೋಮೀಟರ್ ಹೋಗಿಬರಲು ಗಾಳಿಯಿಲ್ಲದಿದ್ದರೆ ಇಪ್ಪತ್ತು ಗಂಟೆ ಬೇಕು. ನೂರು ಕಿಲೋಮೀಟರ್ ವೇಗದ ಗಾಳಿಯಿದ್ದರೆ ಹೋಗಲು ಒಂಬತ್ತು ಗಂಟೆ, ಬರಲು ಹನ್ನೊಂದೂಕಾಲು. ಕಾಲು ಗಂಟೆ ನಷ್ಟ. ಎದುರುಗಾಳಿಯಲ್ಲಿ ನಾವು ಹೆಚ್ಚು ಹೊತ್ತು ಇರುತ್ತೇವೆ, ಅಷ್ಟೇ ಗುಟ್ಟು. ಆದ್ದರಿಂದ ವಿಮಾನ ಕಂಪನಿಗಳು ಹೋಗುವ ದಾರಿಯಲ್ಲೇ ಬರುವುದಿಲ್ಲ. ಹೋಗುವಾಗ ಗಾಳಿಯ ಹೊಳೆಗೆ ಇಳಿಯುತ್ತವೆ, ಬರುವಾಗ ಅದಕ್ಕೆ ಸಿಗದೆ ನುಸುಳಿಕೊಳ್ಳುತ್ತವೆ. ನುಸುಳಲು ಒಳ್ಳೆಯ ಜಾಗ ಉತ್ತರದ ತುದಿ.

2021ರ ಜನವರಿ 9ರ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ಮೊದಲ ನೇರ ವಿಮಾನ ಹೊರಟಾಗ ಹಿಡಿದದ್ದು ಅದೇ ದಾರಿಯನ್ನು. ಏರ್ ಇಂಡಿಯಾದ 777-200ಎಲ್‌ಆರ್. ಕಾಕ್‌ಪಿಟ್ಟಿನಲ್ಲಿ ನಾಲ್ವರೂ ಮಹಿಳೆಯರು: ಕ್ಯಾಪ್ಟನ್ ಜೋಯಾ ಅಗರ್ವಾಲ್, ಕ್ಯಾಪ್ಟನ್ ಪಾಪಗಾರಿ ತನ್ಮಯಿ, ಕ್ಯಾಪ್ಟನ್ ಆಕಾಂಕ್ಷಾ ಸೋನವರೆ, ಕ್ಯಾಪ್ಟನ್ ಶಿವಾನಿ ಮನ್ಹಾಸ್. ಉತ್ತರ ಧ್ರುವದ ಮೇಲೆ ಹಾದು ಜನವರಿ 11ರ ನಸುಕಿನಲ್ಲಿ ದೇವನಹಳ್ಳಿಯಲ್ಲಿ ಇಳಿದರು. ಪತ್ರಿಕೆಗಳು ಅದನ್ನು ಸಾಧನೆ ಎಂದು ಬರೆದವು, ಬರೆಯಬೇಕಾದ್ದೇ. ಆದರೆ ಧ್ರುವದ ಮೇಲಿನದು ಅತಿ ಹತ್ತಿರದ ದಾರಿ ಎಂದು ಕೆಲವರು ಸೇರಿಸಿದರಲ್ಲ, ಅದು ತಪ್ಪು. ಹತ್ತಿರದ ದಾರಿ 71 ಡಿಗ್ರಿಯಲ್ಲೇ ತಿರುಗಿಬಿಡುತ್ತದೆ ಎಂದು ದಾರ ಆಗಲೇ ಹೇಳಿದೆ. ಧ್ರುವ ಅಲ್ಲಿಂದ ಎರಡು ಸಾವಿರ ಕಿಲೋಮೀಟರಿಗೂ ಹೆಚ್ಚು ಮೇಲೆ.

ಹಾಗಾದರೆ ಧ್ರುವದ ಮೇಲೆ ಹೋದರೆ ಎಷ್ಟು ಹೆಚ್ಚಾದೀತು? ನಾನು ಒಂದೆರಡು ಸಾವಿರ ಎಂದುಕೊಂಡು ಲೆಕ್ಕಕ್ಕೆ ಕೂತೆ. ಸ್ಯಾನ್ ಫ್ರಾನ್ಸಿಸ್ಕೊದಿಂದ ಧ್ರುವಕ್ಕೆ ಸುಮಾರು 5,840, ಧ್ರುವದಿಂದ ಬೆಂಗಳೂರಿಗೆ ಸುಮಾರು 8,540. ಕೂಡಿದರೆ 14,380. ಹೆಚ್ಚಾದದ್ದು ನಾನೂರು ಕಿಲೋಮೀಟರೂ ಇಲ್ಲ, ಅರ್ಧ ಗಂಟೆಯೊಳಗಿನ ಹಾರಾಟ. ಎರಡು ಊರುಗಳು ಗೋಳದ ಆಚೀಚೆ ಬದಿಗಳಲ್ಲಿ ಇರುವುದರಿಂದ ಆಗುವ ಚಮತ್ಕಾರ ಇದು. ಅಷ್ಟು ಸಣ್ಣ ಸುಂಕ ತೆತ್ತರೆ ಎದುರುಗಾಳಿಯ ಬಹುಪಾಲು ತಪ್ಪುತ್ತದೆ.

ಧ್ರುವದ ಸುಂಕ ಬೇರೆ ರೂಪದಲ್ಲೂ ಇದೆ. ಹೊರಗೆ ಮೈನಸ್ ಅರವತ್ತು, ಕೆಲವೊಮ್ಮೆ ಎಪ್ಪತ್ತು ಡಿಗ್ರಿ. ರೆಕ್ಕೆಯೊಳಗಿನ ಜೆಟ್ ಎ-1 ಇಂಧನ ಮೈನಸ್ 47ರಲ್ಲಿ ಹೆಪ್ಪುಗಟ್ಟಲು ಶುರುವಾಗುತ್ತದೆ. ಗಂಟೆಗಟ್ಟಲೆ ಹಾರುತ್ತ ಅದು ತಣ್ಣಗಾಗುವುದನ್ನು ಪೈಲಟ್‌ಗಳು ಕಣ್ಣಿಟ್ಟು ನೋಡುತ್ತಿರಬೇಕು. ಮಿತಿ ಹತ್ತಿರವಾದರೆ ಕೆಳಗಿಳಿಯಬೇಕು, ಇಲ್ಲವೆ ವೇಗ ಹೆಚ್ಚಿಸಬೇಕು, ಗಾಳಿಯ ಉಜ್ಜುವಿಕೆಗೇ ರೆಕ್ಕೆ ಕೊಂಚ ಬೆಚ್ಚಗಾಗುತ್ತದೆ. ಅಯಸ್ಕಾಂತದ ದಿಕ್ಸೂಚಿ ಅಲ್ಲಿ ನಂಬಿಕೆಗೆ ಅರ್ಹವಲ್ಲ. ಸಮಭಾಜಕದ ಮೇಲೆ ನಿಂತಿರುವ ಸಂಪರ್ಕ ಉಪಗ್ರಹಗಳು 82 ಡಿಗ್ರಿ ದಾಟಿದ ಮೇಲೆ ದಿಗಂತದ ಕೆಳಗೆ ಮುಳುಗುತ್ತವೆ. ಸೂರ್ಯನಲ್ಲಿ ಬಿರುಗಾಳಿ ಎದ್ದಿದ್ದರೆ ರೇಡಿಯೊ ಕೂಡ ಕೈಕೊಡಬಹುದು. ಅಂಥ ದಿನ ಆ ದಾರಿಯನ್ನೇ ಬಿಡುತ್ತಾರೆ.

ಕಾಣೆಯಾದ ಭಾನುವಾರ ಎಂದೆನಲ್ಲ, ಆ ಮೊದಲ ವಿಮಾನದಲ್ಲಿ ಅದು ಇನ್ನೂ ವಿಚಿತ್ರವಾಗಿ ಕಳೆಯಿತು. ಹೊರಟದ್ದು ಕ್ಯಾಲಿಫೋರ್ನಿಯದ ರಾತ್ರಿ. ಜನವರಿಯಲ್ಲಿ ಧ್ರುವದಲ್ಲಿ ಆರು ತಿಂಗಳ ಕತ್ತಲು. ಅದನ್ನು ದಾಟಿ ಏಷ್ಯಾದ ಕಡೆ ಇಳಿಯುವ ಹೊತ್ತಿಗೆ ಇತ್ತ ಭಾನುವಾರದ ಸೂರ್ಯ ಮುಳುಗಿಯಾಗಿತ್ತು. ಬೆಂಗಳೂರು ಮುಟ್ಟಿದ್ದೂ ಕತ್ತಲಲ್ಲೇ. ರಾತ್ರಿಯಿಂದ ರಾತ್ರಿಗೆ, ನಡುವೆ ಹಗಲೇ ಇಲ್ಲದೆ, ಕಿಟಕಿಯ ಪಕ್ಕದ ಸೀಟಿಗೆ ಹಟ ಮಾಡಿ ಕೂತವರಿಗೆ ಹದಿನೇಳು ಗಂಟೆ ಕಪ್ಪು ಗಾಜು.

ಕಲ್ಲು, ಗಾಳಿ, ಚಳಿ ಇವೆಲ್ಲ ಲೆಕ್ಕಕ್ಕೆ ಸಿಗುವಂಥವು. ಸಿಗದಿರುವುದು ಮನುಷ್ಯರ ಜಗಳ. ಸೋವಿಯತ್ ಒಕ್ಕೂಟ ತನ್ನ ಆಕಾಶ ಮುಚ್ಚಿದ್ದ ಕಾಲದಲ್ಲಿ ಯೂರೋಪಿನಿಂದ ಜಪಾನಿಗೆ ಹೋಗುವವರು ಅಲಾಸ್ಕದ ಆಂಕರೇಜ್‌ನಲ್ಲಿ ಇಳಿದು ಇಂಧನ ತುಂಬಿಸಿಕೊಂಡು ಹೋಗಬೇಕಿತ್ತು. 1983ರ ಸೆಪ್ಟೆಂಬರ್ 1ರಂದು ಆಂಕರೇಜ್‌ನಿಂದ ಸೋಲ್‌ಗೆ ಹೊರಟ ಕೊರಿಯನ್ ವಿಮಾನ ದಾರಿ ತಪ್ಪಿ ಆ ಆಕಾಶ ಹೊಕ್ಕು, ಕ್ಷಿಪಣಿಗೆ ಸಿಕ್ಕಿ 269 ಜನ ಸತ್ತರು. ಅಮೆರಿಕದ ಅಧ್ಯಕ್ಷ ರೇಗನ್ ಜಿಪಿಎಸ್ ವ್ಯವಸ್ಥೆಯನ್ನು ನಾಗರಿಕರ ಬಳಕೆಗೂ ಕೊಡುವುದಾಗಿ ಘೋಷಿಸಿದ್ದು ಆ ದುರಂತದ ಬೆನ್ನಿಗೇ. ಇಂದು ನಮ್ಮ ಆಟೋ ಚಾಲಕರ ಫೋನಿನಲ್ಲಿರುವ ನಕ್ಷೆಗೆ ಅಂಥದೊಂದು ಹಿನ್ನೆಲೆಯಿದೆ.

ಆ ಆಕಾಶ ಆಮೇಲೆ ತೆರೆಯಿತು. ಯುಕ್ರೇನ್ ಯುದ್ಧ ಶುರುವಾದ 2022ರಲ್ಲಿ ಅಮೆರಿಕ, ಯೂರೋಪ್ ಕಂಪನಿಗಳ ಪಾಲಿಗೆ ಮತ್ತೆ ಮುಚ್ಚಿತು. ಯುನೈಟೆಡ್ ಏರ್‌ಲೈನ್ಸ್ ಘೋಷಿಸಿದ್ದ ಸ್ಯಾನ್ ಫ್ರಾನ್ಸಿಸ್ಕೊ–ಬೆಂಗಳೂರು ನೇರ ವಿಮಾನ ಹಾರಲೇ ಇಲ್ಲ. ರಷ್ಯಾದ ಮೇಲೆ ಹಾರುವ ಅವಕಾಶ ಏರ್ ಇಂಡಿಯಾಕ್ಕೆ ಉಳಿಯಿತು. ಅದರ ಇನ್ನೊಂದು ಮುಖ 2023ರ ಜೂನ್ 6ರಂದು ಕಂಡಿತು: ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಹೊರಟ ವಿಮಾನದ ಎಂಜಿನ್ನಿನಲ್ಲಿ ತೊಂದರೆ ಕಾಣಿಸಿಕೊಂಡು ರಷ್ಯಾದ ಪೂರ್ವ ತುದಿಯ ಮಗದಾನ್ ಊರಿನಲ್ಲಿ ಇಳಿಸಬೇಕಾಯಿತು. 216 ಪ್ರಯಾಣಿಕರು, 16 ಸಿಬ್ಬಂದಿ. ಸ್ಟಾಲಿನ್ ಕಾಲದಲ್ಲಿ ಕೊಲಿಮಾದ ಶ್ರಮಶಿಬಿರಗಳಿಗೆ ಕೈದಿಗಳನ್ನು ಇಳಿಸುತ್ತಿದ್ದ ಬಂದರು ಅದು. ಅಷ್ಟು ಜನರಿಗಾಗುವ ಹೋಟೆಲುಗಳೂ ಅಲ್ಲಿರಲಿಲ್ಲ. ಬದಲಿ ವಿಮಾನ ಮುಂಬೈನಿಂದ ಹೋಗಿ ಕರೆದೊಯ್ಯುವವರೆಗೆ ಅನೇಕರು ಶಾಲೆ, ಹಾಸ್ಟೆಲುಗಳ ನೆಲದ ಮೇಲೆ ಹಾಸಿಗೆ ಹಾಕಿಕೊಂಡರು. ನಡುವೆ ಯಾವ ಊರೂ ಇಲ್ಲ ಎಂದು ತಡೆರಹಿತ ಟಿಕೆಟ್ ಕೊಂಡವರಿಗೆ ನಡುವೆ ಏನೇನಿದೆ ಎಂಬುದು ಹಾಗೆ ತಿಳಿಯಿತು.

2025ರ ಏಪ್ರಿಲ್ 24ರಿಂದ ಪಾಕಿಸ್ತಾನ ಭಾರತೀಯ ವಿಮಾನಗಳಿಗೆ ತನ್ನ ವಾಯುಪ್ರದೇಶ ಮುಚ್ಚಿತು. 2019ರಲ್ಲೂ ಫೆಬ್ರವರಿಯಿಂದ ಜುಲೈವರೆಗೆ ಮುಚ್ಚಿತ್ತು. ಮಧ್ಯ ಏಷ್ಯಾದಿಂದ ಇಳಿದು ಬರುವ ದಾರಿಗೆ ಬಾಗಿಲು ಬಿದ್ದರೆ ಹದಿನೇಳೂಮುಕ್ಕಾಲು ಗಂಟೆಯ ಲೆಕ್ಕವೆಲ್ಲ ತಲೆಕೆಳಗು. ಸ್ಯಾನ್ ಫ್ರಾನ್ಸಿಸ್ಕೊದಿಂದ ಮುಂಬೈಗೆ ಬರುವ ವಿಮಾನ ಕೋಲ್ಕತ್ತದಲ್ಲಿ ಇಳಿದು ಮುಂದೆ ಸಾಗಬೇಕಾಯಿತು. ಎರಡು ಊರುಗಳು ಒಂದಿಂಚೂ ಕದಲಲಿಲ್ಲ, ಆದರೂ ದೂರವಾದವು.

ಬೆಂಗಳೂರಿಗೆ ಇನ್ನೊಂದು ಸ್ವಂತ ತೊಡಕಿದೆ, ಅದರ ತಂಪು ಹವೆಗೆ ಕಾರಣವಾದದ್ದೇ ಇದಕ್ಕೂ ಕಾರಣ. ಸ್ಯಾನ್ ಫ್ರಾನ್ಸಿಸ್ಕೊ ನಿಲ್ದಾಣ ಕಡಲ ತಡಿಯಲ್ಲಿ ನಾಲ್ಕು ಮೀಟರ್ ಎತ್ತರದಲ್ಲಿದೆ. ದೇವನಹಳ್ಳಿಯದು 915 ಮೀಟರ್. ಎತ್ತರದಲ್ಲಿ ಗಾಳಿ ತೆಳು, ರೆಕ್ಕೆಗೂ ಎಂಜಿನ್ನಿಗೂ ಹಿಡಿತ ಕಡಿಮೆ. ನೂರು ಟನ್ನಿಗೂ ಹೆಚ್ಚು ಇಂಧನ ಹೊತ್ತ ವಿಮಾನ ಇಲ್ಲಿಂದ ಏಳಲು ನಾಲ್ಕು ಕಿಲೋಮೀಟರ್ ಉದ್ದದ ರನ್‌ವೇ ಇದ್ದರೂ ಒಮ್ಮೊಮ್ಮೆ ಸರಕು ಕಡಿಮೆ ಮಾಡಬೇಕು, ಇಲ್ಲವೆ ಸೀಟುಗಳನ್ನು ಖಾಲಿ ಬಿಡಬೇಕಾಗುತ್ತದೆ. ಆ ಇಂಧನದಲ್ಲೂ ಒಂದು ದೊಡ್ಡ ಪಾಲು ಉಳಿದ ಇಂಧನವನ್ನು ಹೊರಲೆಂದೇ ಉರಿಯುವುದು.

ಇಷ್ಟೆಲ್ಲ ಆದ ಮೇಲೂ ಇದು ರನ್‌ವೇಯಿಂದ ರನ್‌ವೇಗೆ ಇರುವ ಲೆಕ್ಕ. ಮನೆಯಿಂದ ಮನೆಗೆ ಎಣಿಸಿದರೆ ಬೇರೆಯೇ. ಶಿವಮೊಗ್ಗದ ದಂಪತಿ ಮಗಳ ಬಾಣಂತನಕ್ಕೆ ಸ್ಯಾನ್ ಫ್ರಾನ್ಸಿಸ್ಕೊ ಬಳಿಯ ಫ್ರೀಮಾಂಟಿಗೆ ಹೊರಟರೆ ರಾತ್ರಿ ಬಸ್ಸಿಗೆ ಆರೇಳು ಗಂಟೆ, ಮೆಜೆಸ್ಟಿಕ್‌ನಿಂದ ವಾಯು ವಜ್ರ ಬಸ್ಸು, ನಿಲ್ದಾಣದಲ್ಲಿ ಮೂರು ಗಂಟೆ ಮೊದಲೇ ಹಾಜರಿ, ಅತ್ತ ಇಮಿಗ್ರೇಷನ್ ಸಾಲು. ಹದಿನಾರು ಗಂಟೆಯದು ಸುಲಭವಾಗಿ ಮೂವತ್ತಾಗುತ್ತದೆ. ಉಪ್ಪಿನಕಾಯಿ ಮತ್ತು ಅಂಟಿನುಂಡೆಯ ತೂಕ ನೋಡಿ ನೋಡಿ ಮತ್ತೆ ಕಟ್ಟಿದ ಹೊತ್ತನ್ನು ಇದಕ್ಕೆ ಸೇರಿಸಿಲ್ಲ.

ತಡೆರಹಿತ ವಿಮಾನದಿಂದ ಉಳಿಯುವುದು ನಾಲ್ಕೈದು ಗಂಟೆ ಎಂದು ಕಂಪನಿಗಳು ಹೇಳಿಕೊಳ್ಳುತ್ತವೆ. ನನಗೆ ಕಂಡಂತೆ ಅದಕ್ಕೆ ಹೆಚ್ಚು ದುಡ್ಡು ಕೊಡುವ ಮಕ್ಕಳು ಗಂಟೆಗಳನ್ನು ಕೊಳ್ಳುತ್ತಿರುವುದಿಲ್ಲ. ಫ್ರಾಂಕ್‌ಫರ್ಟಿನಲ್ಲೋ ದುಬೈನಲ್ಲೋ ವಿಮಾನ ಬದಲಿಸುವಾಗ ಗೇಟ್ ಯಾವುದು, ಯಾರನ್ನು ಕೇಳುವುದು, ಯಾವ ಭಾಷೆಯಲ್ಲಿ ಕೇಳುವುದು ಎಂಬ ಅಪ್ಪ ಅಮ್ಮನ ಆತಂಕವನ್ನು ತಪ್ಪಿಸುತ್ತಿರುತ್ತಾರೆ. ನೇರ ವಿಮಾನ ಸಿಗದಿದ್ದಾಗ ಅವರು ಕಂಡುಕೊಂಡ ಉಪಾಯ ವೀಲ್‌ಚೇರ್. ಭಾರತದಿಂದ ಅಮೆರಿಕಕ್ಕೆ ಹೋಗುವ ವಿಮಾನದ ಬಾಗಿಲಲ್ಲಿ ಆ ಕುರ್ಚಿಗಳ ಉದ್ದ ಸಾಲನ್ನು ಕಂಡು ನಗುವವರಿದ್ದಾರೆ. ಫೋನಿನಲ್ಲಿ ಮಗ ಹೇಳುವುದು ಕೇಳಿದರೆ ನಗು ಬರಲಾರದು. “ಅಮ್ಮ, ನೀನು ಸುಮ್ನೆ ಅದ್ರಲ್ಲಿ ಕೂತ್ಕೊ. ಅವರೇ ಕರ್ಕೊಂಡು ಹೋಗಿ ಇನ್ನೊಂದು ವಿಮಾನಕ್ಕೆ ಬಿಡ್ತಾರೆ.” “ಕಾಲು ಗಟ್ಟಿ ಇದೆಯಲ್ಲೋ, ನೋಡಿದವರು ಏನಂದ್ಕೋತಾರೆ?” “ಏನೂ ಅಂದ್ಕೊಳಲ್ಲ. ಅಪ್ಪಂಗೂ ಒಂದು ಹೇಳಿದೀನಿ.”